ಸಾಕಿದ ಕೈ

ಹೊಳೆ ಬಳಸಿಕೊಂಡು ಹೋಗುವ ದಿಣ್ಣೆಯೊಂದರ ಮೇಲೆ ನಾಲ್ಕಾರು ಗುಡಿಸಲುಗಳ ಆಶ್ರಮವಿತ್ತು. ಅಲ್ಲಿಯ ಗುರು ಒಬ್ಬ ಮುದುಕಿ. ಕಾವಿ ಉಟ್ಟವರಲ್ಲ, ಕೂತು ಪ್ರವಚನ ಮಾಡಿದವರೂ ಅಲ್ಲ. ಸುತ್ತಲ ಹಳ್ಳಿಯವರು ಅವರನ್ನು ಅವ್ವ ಎಂದೇ ಕರೆಯುತ್ತಿದ್ದರು. ಕರೆಯುವುದು ಅವ್ವ ಅಂತ, ಹೆದರುವುದು ಮಾತ್ರ ಗುರುವಿಗೆ ಹೆದರಿದ ಹಾಗೆ.

ಹೊಂಬಯ್ಯ ಅವರ ಶಿಷ್ಯ. ನಡುವಯಸ್ಸಿನವನು. ಮನೆ, ಹೊಲ ಎಲ್ಲವನ್ನೂ ತಮ್ಮನ ಕೈಗೆ ಬಿಟ್ಟು ಬಂದಿದ್ದ. ಬಂದ ದಿನವೇ ಅವ್ವನ ಕಾಲು ಹಿಡಿದು ಕೇಳಿದ್ದ:

"ಯಾರ್ಗೂ ನೋವು ಕೊಡ್ದಂಗೆ ಬದುಕೋದು ಹೆಂಗೆ ಅಂತ ಹೇಳ್ಕೊಡಿ ಅವ್ವಾ."

ಅವ್ವ ಗೂಡಿನ ಕಡೆ ಕೈ ತೋರಿಸಿದರು.

"ಕೋಳಿ ನೋಡ್ಕೊ," ಎಂದರು.

ಅಷ್ಟೇ.

ಹೊಂಬಯ್ಯನಿಗೆ ಮೊದಮೊದಲು ಬೇಜಾರಾಯಿತು. ಜ್ಞಾನ ಕೇಳಿಕೊಂಡು ಬಂದವನಿಗೆ ಕೋಳಿಗೂಡು ತೋರಿಸಿದರೆ ಯಾರಿಗೆ ತಾನೇ ಬೇಜಾರಾಗುವುದಿಲ್ಲ? ಆದರೆ ಕೆಲಸ ಮಾಡುತ್ತ ಮಾಡುತ್ತ ಅದು ಹಿಡಿಸಿತು. ಬೆಳಗಾದರೆ ಗೂಡಿನ ಬಾಗಿಲು ತೆಗೆಯುವುದು, ನುಚ್ಚು ಚೆಲ್ಲುವುದು, ಹದ್ದು ಬಂದರೆ ಕೂಗಿ ಓಡಿಸುವುದು, ಸಂಜೆ ಎಲ್ಲವನ್ನೂ ಕರೆದು ಒಳಗೆ ಬಿಡುವುದು. ಮೊಟ್ಟೆ ಆಶ್ರಮದವರಿಗೂ ಬಂದು ಹೋಗುವವರಿಗೂ ಆಗುತ್ತಿತ್ತು. ಅವನು ಬಂದ ಮೇಲೆ ಅಲ್ಲಿ ಯಾರೂ ಕೋಳಿ ಕುಯ್ದಿರಲಿಲ್ಲ. ಇಲ್ಲಿ ಕೋಳಿ ಇರುವುದು ಮೊಟ್ಟೆಗೆ ಮಾತ್ರ ಎಂದು ಅವನೇ ತೀರ್ಮಾನಿಸಿಕೊಂಡು ನೆಮ್ಮದಿಯಾಗಿದ್ದ.

ಹಾಗಂತ ಅವನು ಕೋಳಿ ತಿನ್ನದವನೇನಲ್ಲ. ಊರಲ್ಲಿದ್ದಾಗ ಹಬ್ಬದ ದಿನ ಎಲೆಯ ಮುಂದೆ ಎಲ್ಲರಿಗಿಂತ ಮೊದಲು ಕೂರುತ್ತಿದ್ದವನೇ. ಕುಯ್ಯುವ ಹೊತ್ತಿಗೆ ಮಾತ್ರ ಏನೋ ಒಂದು ನೆಪ ತೆಗೆದು ಬೀದಿಗೆ ಹೋಗಿಬಿಡುತ್ತಿದ್ದ. ಸಾರಿನ ಘಮಲು ಬಂದ ಮೇಲೆ ವಾಪಸಾಗುತ್ತಿದ್ದ. ಇಂಥ ಗಂಡಸರು ಊರ ತುಂಬ ಇದ್ದಾರೆ, ಅವನೊಬ್ಬನನ್ನೇ ಆಡಿಕೊಳ್ಳುವುದು ಬೇಡ.

ಕೋಳಿಗಳಲ್ಲಿ ಒಂದಕ್ಕೆ ಅವನು ಗೆಜ್ಜೆ ಎಂದು ಹೆಸರಿಟ್ಟಿದ್ದ. ಕಾಲ ತುಂಬ ಪುಕ್ಕವಿದ್ದ ಕಂದು ಬಣ್ಣದ ಹೇಟೆ. ಮರಿಯಾಗಿದ್ದಾಗ ಅದರ ತಾಯಿಯನ್ನು ಮುಂಗುಸಿ ಹಿಡಿದಿತ್ತು. ಹೊಂಬಯ್ಯ ಆ ಮರಿಯನ್ನು ತನ್ನ ಟವಲಿನಲ್ಲಿ ಸುತ್ತಿಟ್ಟುಕೊಂಡು ಬೆಳೆಸಿದ್ದ. ಈಗಲೂ ಅವನು ಕೂತರೆ ಸಾಕು, ಗೆಜ್ಜೆ ಬಂದು ತೊಡೆ ಏರುತ್ತಿತ್ತು. ಕತ್ತಿನ ಕೆಳಗೆ ತುರಿಸಿದರೆ ಕಣ್ಣು ಅರೆ ಮುಚ್ಚುತ್ತಿತ್ತು.

ಹೀಗಿರುವಾಗ ತವರಿಗೆ ಹೊರಟಿದ್ದ ದೇವೀರಿ ಎಂಬ ಬಸುರಿಗೆ ಹೊಳೆಯ ಹತ್ತಿರ ನೋವು ಬಂತು. ಗಂಡ ಅವಳನ್ನು ಎತ್ತಿಕೊಂಡು ಆಶ್ರಮಕ್ಕೆ ತಂದ. ಅವ್ವನೇ ಹೆರಿಗೆ ಮಾಡಿಸಿದರು. ಹೆಣ್ಣು ಮಗು. ಗಂಡ ಅತ್ತೆಯನ್ನು ಕರೆತರಲು ಹರಿಗೋಲು ಹತ್ತಿ ಆಚೆ ದಡಕ್ಕೆ ಹೋದ.

ಮಾರನೆಯ ದಿನ ಮಧ್ಯಾಹ್ನ ಅವ್ವ ಗೂಡಿನ ಹತ್ತಿರ ಬಂದರು.

"ಹೊಂಬಯ್ಯ, ದೇವೀರಿ ಕೋಳಿ ಸಾರು ಕೇಳ್ತಾವ್ಳೆ."

"ಬೇಳೆ ಕಟ್ಟು ಕೊಟ್ವಲ್ಲ ಅವ್ವಾ."

"ಕುಡೀಲಿಲ್ಲ. ಗಂಜಿನೂ ಇಳೀಲಿಲ್ಲ. ರಕ್ತ ಬಾಳ ಹೋಗೈತೆ. ಎದೇಲಿ ಹಾಲಿಲ್ಲ. ಕೂಸು ಅತ್ತೂ ಅತ್ತೂ ದನಿ ಸೊರಗ್ತಾ ಐತೆ. ಹೊತ್ತು ಮುಳುಗೋದ್ರೊಳ್ಗೆ ಅವಳ ಹೊಟ್ಟೆಗೆ ಏನಾರ ಬೀಳ್ಬೇಕು."

ಗೆಜ್ಜೆ ಹೊಂಬಯ್ಯನ ಕಾಲ ಬಳಿ ಮಣ್ಣು ಕೆದಕುತ್ತಿತ್ತು. ಅವ್ವ ಅದನ್ನೇ ನೋಡಿದರು.

"ಇದು ಮೊಟ್ಟೆ ನಿಲ್ಸಿ ಬಾಳ ದಿನ ಆಯ್ತಲ್ಲ. ಮೈ ತುಂಬ್ಕಂಡೈತೆ. ಇದನ್ನ ಕುಯ್ಯಿ."

"ನಾನಾ?"

"ಸಾಕಿದೋನು ನೀನು."

"ಕುಯ್ಯೋರು ಯಾರ್ನಾದ್ರೂ ಕರ್ಕಬತ್ತೀನಿ ಅವ್ವಾ. ಹಳ್ಳಿ ಏನು ದೂರ ಇಲ್ಲ."

"ಬೇರೇರ ಕೈಗೆ ಅದು ಹೆದರ್ತದೆ. ನಿನ್ ಕೈಗೆ ಹೆದರಕ್ಕಿಲ್ಲ."

"ಅದಕ್ಕೇ ಅವ್ವಾ ನನ್ ಕೈಲಿ ಆಗದು. ನಂಬ್ಕಂಡು ತೊಡೆ ಮೇಲೆ ಬಂದು ಕೂರ್ತದೆ. ಅದ್ರ ಕತ್ತಿಗೆ ನಾನೇ ಚೂರಿ ಇಡ್ಲಾ?"

"ಕಷ್ಟ ಯಾರ್ಗೆ? ನಿಂಗಾ, ಅದಕ್ಕಾ?"

ಹೊಂಬಯ್ಯ ಯೋಚಿಸಿದ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ನಂಗೆ."

"ಸರಿ," ಎಂದು ಅವ್ವ ಒಳಗೆ ಹೋದರು.

ಗುಡಿಸಲಿನಿಂದ ಮಗುವಿನ ಅಳು ಕೇಳುತ್ತಿತ್ತು. ಬೆಳಿಗ್ಗೆ ಇದ್ದಷ್ಟು ಜೋರಾಗಿರಲಿಲ್ಲ. ಸಾರು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಗೆಜ್ಜೆಯನ್ನು ಕುಯ್ಯುವುದು ಆಗುವುದೇ ಇಲ್ಲ, ಅದರಲ್ಲೂ ಎರಡು ಮಾತಿಲ್ಲ.

ಆಗ ಅವನಿಗೊಂದು ಉಪಾಯ ಹೊಳೆಯಿತು. ಹೊಳೆದದ್ದೇ ತಡ, ಗೆಜ್ಜೆಯನ್ನು ಟವಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹಳ್ಳಿಯ ಕಡೆ ನಡೆದ.

ಹಳ್ಳಿಯ ಮೊದಲ ಮನೆ ಚೆನ್ನಾಜಮ್ಮನದು. ಅವಳು ಅಡಿಗೆಮನೆಯಲ್ಲಿ ಕಾರ ಅರೆಯುತ್ತಿದ್ದಳು. ಹೊಂಬಯ್ಯ ಹಿತ್ತಲ ಬಾಗಿಲಲ್ಲೇ ನಿಂತು ಕೂಗಿದ.

"ಚೆನ್ನಾಜಮ್ಮಾ, ನನ್ ಕೋಳಿ ಇಟ್ಕಂಡು ನಿಮ್ದೊಂದು ಕೊಡ್ತೀರಾ?"

"ಯಾಕಪ್ಪಾ, ಅದಕ್ಕೇನಾಗೈತೆ?"

"ಏನೂ ಆಗಿಲ್ಲ. ಚೆನ್ನಾಗೈತೆ. ಬೇರೆ ಒಂದು ಬೇಕಾಗಿತ್ತು, ಅಷ್ಟೇಯ."

"ನಂಗೆ ಕೈ ಬಿಡುವಿಲ್ಲ ಕಣಪ್ಪ, ಅಳಿಯ ಬಂದವ್ನೆ. ಅಲ್ಲೇ ಹಿತ್ಲಲ್ಲಿ ಅವೆ, ಯಾವ್ದು ಬೇಕೋ ಹಿಡ್ಕೊಳಿ. ನಿಮ್ದನ್ನ ಕುಕ್ಕೆ ಕೆಳ್ಗೆ ಮುಚ್ಚಾಕಿ ಹೋಗಿ."

ಅಳಿಯ ಬಂದಿದ್ದಾನೆ ಎನ್ನುವ ಮಾತು ಹೊಂಬಯ್ಯನ ಕಿವಿಗೆ ಬಿತ್ತು. ಒಲೆಯ ಮೇಲೆ ನೀರು ಕುದಿಯುವ ಸದ್ದೂ ಬಿತ್ತು. ಅವೆರಡನ್ನೂ ಅವನು ಒಳಕ್ಕೆ ಬಿಟ್ಟುಕೊಳ್ಳಲಿಲ್ಲ. ಗೆಜ್ಜೆಯನ್ನು ಕುಕ್ಕೆಯ ಕೆಳಗೆ ಬಿಟ್ಟ. ಅದರ ಕಡೆ ನೋಡದೆ ಹಿತ್ತಲ ಕೊಟ್ಟಿಗೆಗೆ ನುಗ್ಗಿದ.

ಅಲ್ಲಿದ್ದ ಕೋಳಿಗಳು ಕೂಗಾಡುತ್ತ ಚೆಲ್ಲಾಪಿಲ್ಲಿಯಾದವು. ಮೂಲೆಯ ಕತ್ತಲಲ್ಲಿ ಒಂದು ಮಾತ್ರ ಓಡಲಿಲ್ಲ. ಹೊಂಬಯ್ಯ ಮುಖ ತಿರುಗಿಸಿಕೊಂಡೇ ಕೈ ಹಾಕಿ ಅದನ್ನು ಎತ್ತಿಕೊಂಡ. ಮುಖ ನೋಡಿದರೆ ಇದರ ಗುರುತೂ ಆಗಿಬಿಟ್ಟೀತು ಎಂಬ ಭಯ ಅವನಿಗೆ. ಅದು ಮುಂಗೈಯನ್ನು ರಕ್ತ ಬರುವಂತೆ ಕುಕ್ಕಿತು. ಕುಕ್ಕಿದ್ದು ಒಳ್ಳೆಯದೇ ಆಯಿತು ಎನಿಸಿತು. ಕುಕ್ಕುವ ಕೋಳಿಯನ್ನು ಕುಯ್ಯುವುದು ಸುಲಭ.

ಅವನು ಆಶ್ರಮಕ್ಕೆ ಬಂದಾಗ ಅವ್ವ ಹೊಳೆಯ ಮೆಟ್ಟಿಲ ಮೇಲೆ ಕೂತು ಕಲ್ಲಿಗೆ ಚೂರಿ ಮಸೆಯುತ್ತಿದ್ದರು.

"ಇದು ಯಾರ ಕೋಳಿ?"

"ಹಳ್ಳಿದು ಅವ್ವಾ. ಗೆಜ್ಜೇನ ಕೊಟ್ಟು ತಂದೆ. ಇದನ್ನಾದ್ರೆ ಕುಯ್ತೀನಿ."

"ಯಾಕೆ? ಇದಕ್ಕೆ ಕತ್ತಿಲ್ವಾ?"

ಹೊಂಬಯ್ಯ ತಲೆ ತಗ್ಗಿಸಿದ. "ಇದರ ಗುರುತು ನಂಗಿಲ್ಲ."

"ಗುರುತು ಮಾಡ್ಕೊ ಮತ್ತೆ. ಇದರ ಹೊಟ್ಟೆ ಮುಟ್ಟು."

ಅವನು ಮುಟ್ಟಿದ. ಹೊಟ್ಟೆಯಡಿ ಪುಕ್ಕವೇ ಇರಲಿಲ್ಲ. ಬರೀ ಚರ್ಮ. ಅದು ಜ್ವರ ಬಂದವರ ಹಣೆಯಂತೆ ಸುಡುತ್ತಿತ್ತು.

ಅವ್ವ ಏನೂ ಹೇಳಬೇಕಾಗಲಿಲ್ಲ. ಇಷ್ಟು ಕಾಲ ಕೋಳಿ ನೋಡಿಕೊಂಡವನಿಗೆ ಅಷ್ಟು ತಿಳಿಯದೇ? ಎಲ್ಲವೂ ಓಡಿದಾಗ ಇದೊಂದು ಯಾಕೆ ಓಡಲಿಲ್ಲ, ಯಾಕೆ ಹಾಗೆ ಕುಕ್ಕಿತು, ಈಗ ಯಾಕೆ ಹೀಗೆ ಒಂದೇ ಸಮ ಕೊಕ್ ಕೊಕ್ ಎನ್ನುತ್ತಿದೆ, ಎಲ್ಲ ಒಟ್ಟಿಗೆ ತಿಳಿದುಹೋಯಿತು.

"ಕಾವಿಗೆ ಕೂತಿತ್ತು ಅವ್ವಾ. ಮೊಟ್ಟೆ ಮೇಲಿಂದ ಎತ್ಕಂಡು ಬಂದ್ಬುಟ್ಟೆ."

"ನೋಡ್ಲಿಲ್ವಾ?"

"ನೋಡ್ಲಿಲ್ಲ."

"ಯಾಕೆ?"

"ನೋಡಬಾರ್ದು ಅಂತಲೇ ನೋಡ್ಲಿಲ್ಲ."

ಅವ್ವ ಚೂರಿಯನ್ನು ಮತ್ತೆ ಕಲ್ಲಿಗೆ ಇಟ್ಟರು.

"ಮೊಟ್ಟೆ ತಣ್ಣಗಾಗಕ್ಕೆ ಮುಂಚೆ ಓಡು."

ಹೊಂಬಯ್ಯ ಓಡಿದ. ಕಾವು ಕೋಳಿಯನ್ನು ಟವಲಿನಲ್ಲಿ ಬೆಚ್ಚಗೆ ಹೊದಿಸಿ, ಎದೆಗೆ ಅವಚಿಕೊಂಡು, ಗದ್ದೆಯ ಬದುವಿನ ಮೇಲೆ ಬಿದ್ದೆದ್ದು ಓಡಿದ. ಒಂದು ಜೀವ ಉಳಿಸಲು ಹೋಗಿ ಎಷ್ಟು ಜೀವಕ್ಕೆ ಕೈ ಹಾಕಿದೆನಲ್ಲಾ ಎಂದು ತನಗೆ ತಾನೇ ಬೈದುಕೊಂಡು ಓಡಿದ.

ಕೊಟ್ಟಿಗೆಯ ಮೂಲೆಯಲ್ಲಿ ಹುಲ್ಲು ಹಾಸಿದ ಮಂಕರಿ ಇತ್ತು. ಮೊಟ್ಟೆಗಳನ್ನು ಮುಟ್ಟಿ ನೋಡಿದ. ಬಿಸಿ ಇರಲಿಲ್ಲ, ಆದರೆ ಪೂರ್ತಿ ತಣ್ಣಗೂ ಆಗಿರಲಿಲ್ಲ. ಕೋಳಿಯನ್ನು ಬಿಟ್ಟ. ಅದು ಒಂದು ಸುತ್ತು ಹಾಕಿತು. ಕೊಕ್ಕಿನಿಂದ ಮೊಟ್ಟೆಗಳನ್ನು ಸರಿಸಿತು. ರೆಕ್ಕೆ ಅಗಲಿಸಿ ಕೂತಿತು.

ಆಮೇಲೆ ಗೆಜ್ಜೆಯ ನೆನಪಾಯಿತು.

ಕುಕ್ಕೆಯ ಕೆಳಗೆ ಅದು ಇರಲಿಲ್ಲ.

ಸುತ್ತ ನೋಡಿದರೆ, ಗೋಡೆಯ ಗೂಟಕ್ಕೆ ಗೆಜ್ಜೆಯನ್ನು ಕಾಲು ಕಟ್ಟಿ ತಲೆಕೆಳಗಾಗಿ ತೂಗುಹಾಕಿದ್ದರು. ಕೊಕ್ಕು ತೆರೆದಿತ್ತು. ಎದೆ ಹೊಡೆದುಕೊಳ್ಳುತ್ತಿತ್ತು. ರೆಕ್ಕೆ ಬಡಿದು ಬಡಿದು ಸೋತು ಈಗ ಸುಮ್ಮನೆ ಜೋತಾಡುತ್ತಿತ್ತು. ಅದರ ಕಣ್ಣನ್ನು ಹೊಂಬಯ್ಯ ಹಾಗೆ ಎಂದೂ ಕಂಡಿರಲಿಲ್ಲ. ಇಷ್ಟು ದಿನ ಜೊತೆಗಿದ್ದರೂ ಅದಕ್ಕೆ ಹೆದರಿಕೆಯಾದರೆ ಹೇಗಿರುತ್ತದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಚೆನ್ನಾಜಮ್ಮ ಈಳಿಗೆಮಣೆ ಹಿಡಿದುಕೊಂಡು ಹೊರಗೆ ಬಂದಳು.

"ಮತ್ತೆ ಯಾಕ್ ಬಂದ್ರಿ?"

"ತಾಯಿ, ನಿಮ್ಮ ಕಾವು ಕೋಳಿ ಎತ್ಕಂಡು ಹೋಗಿದ್ದೆ. ಕಣ್ಣಿಗೆ ಮಣ್ಣು ಬಿದ್ದಿತ್ತು ನಂಗೆ. ವಾಪಸ್ ಬಿಟ್ಟಿವ್ನಿ. ನನ್ ಕೋಳಿ ನಂಗೆ ಕೊಟ್ಬುಡಿ."

"ಅಯ್ಯೋ ನಿನ್ ಮನೆ ಹಾಳಾಗ! ಮರಿ ಒಡಿಯೋ ಕಾಲ ಬಂದೈತೆ ಅವಕ್ಕೆ!" ಅವಳು ಈಳಿಗೆಮಣೆಯನ್ನು ಅಲ್ಲೇ ಇಟ್ಟು ಕೊಟ್ಟಿಗೆಗೆ ಓಡಿ, ನೋಡಿ ಬಂದಳು. ಅಷ್ಟರಲ್ಲಿ ಅರ್ಧ ಸಿಟ್ಟು ಇಳಿದಿತ್ತು. "ಸದ್ಯ, ಕೂತ್ಕಂಡೈತೆ. ನಿಮ್ ಕೋಳಿ ತಗೊಂಡು ಹೋಗಿ. ನಾನು ಹುಂಜ ಹಿಡೀತೀನಿ. ಆಶ್ರಮದೋರು ಅಂತ ಬುಟ್ಟಿವ್ನಿ ಕಣಪ್ಪ, ಬೇರೆ ಯಾರಾದ್ರೂ ಆಗಿದ್ರೆ ಗ್ರಾಚಾರ ಬಿಡಿಸ್ತಿದ್ದೆ."

ಹೊಂಬಯ್ಯ ಗೂಟದಿಂದ ಗೆಜ್ಜೆಯನ್ನು ಇಳಿಸಿದ. ಮುಟ್ಟಿದ ಕೂಡಲೇ ಅದು ಒಮ್ಮೆ ಕಿರುಚಿತು. ಕಾಲಿನ ಹಗ್ಗ ಬಿಚ್ಚಿ ಎದೆಗೆ ಒತ್ತಿಕೊಂಡ. ಸ್ವಲ್ಪ ದೂರ ನಡೆಯುವಷ್ಟರಲ್ಲಿ ಅದರ ಎದೆಯ ಬಡಿತ ನಿಧಾನವಾಯಿತು. ಗದ್ದೆ ದಾಟುವಾಗ ತಲೆಯನ್ನು ಅವನ ಕಂಕುಳಲ್ಲಿ ತೂರಿಸಿ ಸುಮ್ಮನಾಯಿತು.

ಹೊಂಬಯ್ಯ ದಾರಿಯುದ್ದಕ್ಕೂ ಅತ್ತ. ಅಳು ಬಂದದ್ದಕ್ಕೆ ಅವನು ನಾಚಲಿಲ್ಲ. ಬೇರೆಯವರ ಕೈ ಹೇಗಿರುತ್ತದೆ ಎಂದು ಈಗ ನೋಡಿದ್ದ. ಬೀದಿಗೆ ಹೋಗಿ ನಿಲ್ಲುವ ದಾರಿ ಅವನಿಗೆ ಇನ್ನು ಉಳಿದಿರಲಿಲ್ಲ.

ಹೊತ್ತು ಇಳಿಯುತ್ತಿತ್ತು. ಅವ್ವ ಮೆಟ್ಟಿಲ ಮೇಲೆಯೇ ಇದ್ದರು. ಪಕ್ಕದಲ್ಲಿ ಚೂರಿ, ಒಂದು ಬಟ್ಟಲಿನಲ್ಲಿ ನೀರು.

ಹೊಂಬಯ್ಯ ಅವರ ಎದುರು ಕೂತ. ಗೆಜ್ಜೆ ತಾನಾಗಿಯೇ ತೊಡೆಯ ಮೇಲೆ ಸರಿಯಾಗಿ ಕೂತಿತು.

"ಚೂರಿ ಕೊಡಿ ಅವ್ವಾ."

"ಮೊದ್ಲು ನೀರು ಕುಡ್ಸು."

ಅವನು ಬೆರಳಿನಿಂದ ಕೊಕ್ಕಿಗೆ ನೀರು ಬಿಟ್ಟ. ಅದು ತಲೆ ಎತ್ತಿ ನುಂಗಿತು. ಇನ್ನೂ ಬಿಟ್ಟ. ಮತ್ತೆ ನುಂಗಿತು. ಅವನು ಬಿಡುತ್ತಲೇ ಇದ್ದ.

"ಸಾಕು," ಎಂದರು ಅವ್ವ. "ಅದಕ್ಕೆ ಬಾಯಾರಿಕೆ ಹೋಗೈತೆ."

ಹೊಂಬಯ್ಯ ಚೂರಿ ತೆಗೆದುಕೊಂಡ. ಕಣ್ಣು ಮುಚ್ಚಿದ.

"ಕಣ್ ಬುಡು. ನೀನು ಕಣ್ ಮುಚ್ಚುದ್ರೆ ಚೂರಿ ಜಾರ್ತದೆ. ಆಗ ನೋಯೋದು ಅದಕ್ಕೆ."

ಅವನು ಕಣ್ಣು ಬಿಟ್ಟ. ಗೆಜ್ಜೆಯ ಕತ್ತಿನ ಕೆಳಗೆ, ಯಾವಾಗಲೂ ತುರಿಸುತ್ತಿದ್ದ ಜಾಗದಲ್ಲಿ, ಬೆರಳಾಡಿಸಿದ. ಅದು ಎಂದಿನಂತೆ ಕಣ್ಣು ಅರೆ ಮುಚ್ಚಿತು.

"ಗೆಜ್ಜೆ," ಎಂದ.

ಒಂದೇ ಎಳೆತಕ್ಕೆ ಕುಯ್ದ.

ರೆಕ್ಕೆಗಳು ಜೋರಾಗಿ ಬಡಿದವು. ಬಿಸಿ ರಕ್ತ ಅವನ ಮಣಿಕಟ್ಟಿನ ಮೇಲೆ ಹರಿಯಿತು. ಅವನು ಬೆಚ್ಚಿ ಕೈ ಸಡಿಲಿಸಲು ಹೋದ.

"ಬುಡಬ್ಯಾಡ," ಎಂದರು ಅವ್ವ. "ನಿಲ್ಲೋಗಂಟ ಹಿಡ್ಕೊ."

ಅವನು ಹಿಡಿದುಕೊಂಡ. ಬಡಿತ ನಿಧಾನವಾಯಿತು. ಪುಕ್ಕದ ಕಾಲುಗಳು ಒಮ್ಮೆ ಚಾಚಿ ಮಡಚಿದವು. ಆಮೇಲೆ ನಿಂತಿತು. ನಿಂತ ಮೇಲೂ ಅವನು ಹಿಡಿದುಕೊಂಡೇ ಇದ್ದ. ಅವ್ವ ಅವಸರ ಮಾಡಲಿಲ್ಲ.

ಬಿಸಿ ನೀರಿಗೆ ಅದ್ದಿ ಪುಕ್ಕ ಕಿತ್ತ. ಹುಲ್ಲು ಉರಿಸಿ ಸುಟ್ಟ. ಅವ್ವ ಹೇಳಿದಂತೆ ಹೊಟ್ಟೆ ಬಗೆದ. ಒಳಗೆ ಕೈ ಹಾಕಿದವನು ಹಾಗೇ ನಿಂತುಬಿಟ್ಟ.

"ಏನು?"

ಅವನು ಅಂಗೈ ಚಾಚಿ ತೋರಿಸಿದ. ಹಳದಿ ಮಣಿಗಳ ಗೊಂಚಲು. ಒಂದು ಗೋಲಿಯಷ್ಟು ದಪ್ಪ, ಮಿಕ್ಕವು ಕಡಲೆಯಷ್ಟು, ಸಾಸಿವೆಯಷ್ಟು. ಇನ್ನೂ ಮೊಟ್ಟೆಯಾಗದ ಮೊಟ್ಟೆಗಳು.

"ಅವ್ವಾ, ಇದು ನಿಲ್ಸಿರ್ಲಿಲ್ಲ. ಇನ್ನೂ ಇಡೋದಿತ್ತು."

ಅವ್ವ ಆ ಗೊಂಚಲನ್ನು ನೋಡಿದರು. ಮುಖ ಸಣ್ಣದಾಯಿತು.

"ಹೂಂ. ನಂಗೆ ಗೊತ್ತಾಗ್ಲಿಲ್ಲ. ತಪ್ಪಾಯ್ತು."

ಅದನ್ನು ಅವರು ಶಿಷ್ಯನಿಗೆ ಹೇಳಿದರೋ ಕೋಳಿಗೆ ಹೇಳಿದರೋ, ತಿಳಿಯಲಿಲ್ಲ. ಗೊಂಚಲನ್ನು ಎರಡೂ ಕೈಯಲ್ಲಿ ಇಸಿದುಕೊಂಡು ತಾವೇ ತೊಳೆದು ಮಡಕೆಗೆ ಹಾಕಿದರು.

ಮೆಣಸು, ಬೆಳ್ಳುಳ್ಳಿ, ಚೂರು ಅರಿಶಿನ. ಬಾಣಂತಿಯ ಸಾರಿಗೆ ಅಷ್ಟೇ. ಹೊತ್ತು ಮುಳುಗುವ ಮುಂಚೆ ಅವ್ವ ದೇವೀರಿಯ ತಲೆಯನ್ನು ಎತ್ತಿ ಹಿಡಿದು ಕುಡಿಸಿದರು. ಅವಳು ಮೊದಲು ತುಟಿ ಒದ್ದೆ ಮಾಡಿಕೊಂಡಳು. ಆಮೇಲೆ ಒಂದು ಗುಟುಕು. ಆಮೇಲೆ ಬಟ್ಟಲನ್ನು ತಾನೇ ಹಿಡಿದುಕೊಂಡಳು.

"ಇನ್ನೊಂಚೂರು ಐತಾ?" ಎಂದು ಕೇಳಿದಳು.

ಆ ದನಿ ಕೇಳಿ ಹೊಂಬಯ್ಯನಿಗೆ ಖುಷಿಯಾಯಿತು. ಖುಷಿಯಾದದ್ದಕ್ಕೆ ತಕ್ಷಣವೇ ಕಸಿವಿಸಿಯೂ ಆಯಿತು. ಮಿಕ್ಕ ಸಾರನ್ನು ಅವ್ವ ಅವನ ಮುಂದೆ ಇಟ್ಟರು. ಅವನು ತಲೆ ಅಲ್ಲಾಡಿಸಿದ. ಅವ್ವ ಬಲವಂತ ಮಾಡಲಿಲ್ಲ. ಮುದ್ದೆ ಮುರಿದುಕೊಂಡು ತಾವೇ ಊಟ ಮಾಡಿದರು, ಒಂದು ತೊಟ್ಟೂ ಬಿಡದೆ.

ಅವರು ಕೈ ತೊಳೆದ ಮೇಲೆ ಹೊಂಬಯ್ಯ ಕೇಳಿದ.

"ಅವ್ವಾ, ನಾನ್ ಮಾಡಿದ್ದು ಪಾಪನಾ?"

"ಒಳಗೆ ಹೋಗಿ ಕೂಸು ಅಳ್ತಾ ಐತಾ ನೋಡ್ಕಂಡು ಬಾ."

ಅವನು ಹೋಗಿ ಬಂದ.

"ಅಳ್ತಿಲ್ಲ ಅವ್ವಾ. ಎದೆ ಚೀಪ್ತಾ ಐತೆ."

"ಗೂಡಿನ ಹತ್ರ ಹೋಗಿ ಗೆಜ್ಜೆ ಐತಾ ನೋಡ್ಕಂಡು ಬಾ."

ಹೊಂಬಯ್ಯ ಅಲ್ಲಾಡಲಿಲ್ಲ.

"ಹೋಗು."

ಅವನು ಹೋದ. ಕೋಳಿಗಳು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಬಾಗಿಲ ಹತ್ತಿರದ ಕೋಲಿನ ಮೇಲೆ ಒಂದು ಜಾಗ ಖಾಲಿಯಿತ್ತು. ಅವನು ಗೂಡಿನ ಬಾಗಿಲು ಹಾಕಿ ಮರಳಿ ಬಂದ.

"ಇಲ್ಲ ಅವ್ವಾ."

"ಎರಡೂ ನೋಡ್ದೆಯಲ್ಲ. ಒಂದನ್ನ ತಗೊಂಡು ಇನ್ನೊಂದಕ್ಕೆ ಮುಚ್ಚಳ ಹಾಕ್ಬ್ಯಾಡ."

ಮಾರನೆಯ ಬೆಳಿಗ್ಗೆ ಹೊಂಬಯ್ಯ ಎಂದಿನ ಹೊತ್ತಿಗೆ ನುಚ್ಚಿನ ಮೊರ ಹಿಡಿದು ಗೂಡು ತೆಗೆದ. ಕೋಳಿಗಳು ಎಂದಿನಂತೆ ರೆಕ್ಕೆ ಬಡಿಯುತ್ತ ಹೊರಗೆ ನುಗ್ಗಿದವು. ಎಂದಿನಂತೆ ಅವನ ಕಾಲಿಗೆ ತೊಡರಿಕೊಂಡವು. ಒಂದು ಎಳೆ ಹೇಟೆ ಎಗರಿ ಅವನ ಅಂಗೈಗೇ ಕೊಕ್ಕು ಹಾಕಿತು. ಅವನು ಸುಟ್ಟುಕೊಂಡವನಂತೆ ಕೈ ಎಳೆದುಕೊಂಡ.

ಮೊರವನ್ನು ಹಾಗೆಯೇ ಎತ್ತಿಕೊಂಡು ಹೋಗಿ ಅವ್ವನ ಮುಂದೆ ಇಟ್ಟ.

"ಈ ಕೆಲ್ಸ ಬೇರೆ ಯಾರ್ಗಾದ್ರೂ ಕೊಡಿ ಅವ್ವಾ. ನಾನು ನೀರು ಹೊರ್ತೀನಿ, ಸೌದೆ ತತ್ತೀನಿ, ಏನ್ ಹೇಳುದ್ರೂ ಮಾಡ್ತೀನಿ."

"ಯಾಕೆ?"

"ಅವಕ್ಕೆ ಏನೂ ಗೊತ್ತಿಲ್ಲ. ನೆನ್ನೆ ಬಂದಂಗೇ ಇವತ್ತೂ ಕೈ ಹತ್ರ ಬತ್ತವೆ. ಈ ಕೈಲಿ ಕಾಳು ಹಾಕಕ್ಕೆ ನಾಚ್ಕೆ ಆಯ್ತದೆ."

ಒಳಗೆ ಮಗು ಒಂದು ಸಲ ಅತ್ತು, ಹಾಲು ಸಿಕ್ಕಿ ಸುಮ್ಮನಾಯಿತು.

ಅವ್ವ ಮೊರದಿಂದ ಒಂದು ಹಿಡಿ ನುಚ್ಚು ತೆಗೆದು ಹೊಂಬಯ್ಯನ ಅಂಗೈಗೆ ಸುರಿದರು. ಅವನ ಬೆರಳುಗಳನ್ನು ತಾವೇ ಒಂದೊಂದಾಗಿ ಮಡಿಸಿದರು.

"ಇಷ್ಟು ದಿನ ನಾಚ್ಕೆ ಗೊತ್ತಿಲ್ದ ಕೈಲಿ ತಿಂದವೆ. ಇವತ್ತಿಂದ ಗೊತ್ತಿರೋ ಕೈಲಿ ತಿನ್ಲಿ. ಹೋಗು, ಕಾಯ್ತಾವೆ."